ಓದುಗರ ಪ್ರಶ್ನೆ: ಕೆಂಪು ಏಲ್ ಎಷ್ಟು ದಿನ ಮಾಗಬೇಕು?

ಹೋದ ಸಂಚಿಕೆಯಲ್ಲಿ ಐರಿಷ್ ರೆಡ್ ಏಲ್ ಎಂಬ ಕೆಂಪು ಬಿಯರಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸವಿ ಮುಂದೆ, ಹಾಪ್ಸ್ ಹೂವಿನ ಕಹಿ ಹಿಂದೆ, ಕೊನೆಯಲ್ಲಿ ಹುರಿದ ಬಾರ್ಲಿಯ ಒಂದು ಒಣ ಎಳೆ. ಮನೆಯಲ್ಲಿ ಬಿಯರ್ ಮಾಡಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ ಎಂದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ವಾರವಿಡೀ ಓದಿದೆ. ಕೇಳುವ ರೀತಿ ಬೇರೆ ಬೇರೆ, ಆದರೆ ಹೆಚ್ಚಿನವು ಬಂದು ನಿಲ್ಲುವುದು ಒಂದೇ ಕಡೆ: ಎಷ್ಟು ದಿನ ಕಾಯಬೇಕು? ಹಾಗಾಗಿ ಈ ಸಲದ ಪುಟವೆಲ್ಲ ಅದಕ್ಕೇ. ಹನ್ನೊಂದು ವರ್ಷಗಳಿಂದ ನಾನು ಮಾಡಿದ ಪ್ರತಿ ಬ್ಯಾಚಿನ ಲೆಕ್ಕವೂ ಒಂದು ದಪ್ಪ ನೋಟ್‌ಬುಕ್‌ನಲ್ಲಿದೆ, ಅದರಲ್ಲಿ ಇಪ್ಪತ್ಮೂರು ಕೆಂಪು ಏಲ್‌ಗಳು. ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಈ ಉತ್ತರಗಳನ್ನು ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ಮೊದಲ ಸಲ ಐರಿಷ್ ರೆಡ್ ಏಲ್ ಮಾಡಿದೆ, 20 ಲೀಟರ್. ಐದನೇ ದಿನ ಏರ್‌ಲಾಕ್‌ನಲ್ಲಿ (ಒಳಗಿನ ಗ್ಯಾಸನ್ನು ನೀರಿನ ಮೂಲಕ ಹೊರಬಿಡುವ ಮುಚ್ಚಳದ ಕೊಳವೆ) ಗುಳ್ಳೆ ನಿಂತಿತು. ಆರನೇ ದಿನ ಸಕ್ಕರೆ ಸೇರಿಸಿ ಬಾಟಲಿಗೆ ತುಂಬಿದೆ. ಹತ್ತು ದಿನ ಬಿಟ್ಟು ಒಂದನ್ನು ತೆರೆದರೆ ಬೆಣ್ಣೆಯ ವಾಸನೆ, ನಾಲಗೆಯ ಮೇಲೆ ಜಿಡ್ಡು ಜಾರಿದ ಹಾಗೆ. ಅದರ ಹಿಂದೆ ಹಸಿ ಸೇಬಿನ ವಾಸನೆ. ಕಹಿಯೂ ಒರಟು. ಒಂದು ದಿನದ ದುಡಿಮೆ ಹಾಳಾಯಿತೆಂದು ಬೇಸರವಾಗಿದೆ. ಚೆಲ್ಲಿಬಿಡಲೇ?

ಉತ್ತರ: ಚೆಲ್ಲಬೇಡಿ. ನೀವು ಹೇಳುವ ಮೂರೂ ಲಕ್ಷಣಗಳು ಕೆಟ್ಟ ಬಿಯರಿನವಲ್ಲ, ಹಸಿ ಬಿಯರಿನವು. ಆದರೆ ರುಚಿಯ ವಿಷಯಕ್ಕೆ ಬರುವ ಮೊದಲು ಗಾಜಿನ ವಿಷಯ ಹೇಳಲೇಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ತೇಲುಕೊಳವೆ) ಎಂಬ ಪದವೇ ಇಲ್ಲ.

ಏರ್‌ಲಾಕ್‌ನ ಗುಳ್ಳೆ ನಿಂತ ಮಾತ್ರಕ್ಕೆ ಹುದುಗುವಿಕೆ ಮುಗಿಯಿತೆಂದು ಅರ್ಥವಲ್ಲ. ಮುಚ್ಚಳದ ಸಂದಿಯಲ್ಲಿ ಗಾಳಿ ಹೋಗುತ್ತಿದ್ದರೂ ಗುಳ್ಳೆ ನಿಲ್ಲುತ್ತದೆ, ಕೋಣೆ ಒಂದೆರಡು ಡಿಗ್ರಿ ತಣ್ಣಗಾದರೂ ನಿಲ್ಲುತ್ತದೆ. ಬಾಟಲಿಗೆ ತುಂಬುವಾಗ ಗ್ರಾವಿಟಿ (ನೀರನ್ನು 1.000 ಎಂದಿಟ್ಟು ಅಳೆದ ಸಾಂದ್ರತೆ; ಸಕ್ಕರೆ ಮದ್ಯವಾದಂತೆ ಇಳಿಯುತ್ತದೆ) 1.011 ಅಥವಾ 1.012ಕ್ಕೆ ಇಳಿದಿದ್ದರೆ ಭಯವಿಲ್ಲ. 1.018ರಲ್ಲಿ ತುಂಬಿದ್ದರೆ, ಉಳಿದ ಒಂದೊಂದು ಅಂಕವೂ (0.001) ಬಾಟಲಿಯೊಳಗೆ ಸುಮಾರು ಅರ್ಧ ವಾಲ್ಯೂಮ್ (ಒಂದು ವಾಲ್ಯೂಮ್ ಎಂದರೆ ಬಿಯರಿನಷ್ಟೇ ಗಾತ್ರದ ಗ್ಯಾಸ್) ಇಂಗಾಲದ ಡೈಆಕ್ಸೈಡ್ ಕಟ್ಟುತ್ತದೆ. ಆರು ಅಂಕವೆಂದರೆ ಮೂರು ವಾಲ್ಯೂಮ್, ಅದೂ ನೀವು ಹಾಕಿದ ಸಕ್ಕರೆಯದರ ಮೇಲೆ. ಈ ಏಲ್‌ಗೆ ಒಟ್ಟು ಬೇಕಾದದ್ದೇ ಎರಡು ಚಿಲ್ಲರೆ. ನನ್ನ ಮೂರನೇ ಬ್ಯಾಚನ್ನು ನಾನು 1.016ರಲ್ಲಿ ತುಂಬಿದ್ದೆ. ಎರಡನೇ ವಾರ ರಾತ್ರಿ ಕಪಾಟಿನಲ್ಲಿ ಒಂದು ಬಾಟಲಿ ಸಿಡಿಯಿತು, ಬೆಳಗ್ಗೆ ನೋಡಿದರೆ ಗಾಜಿನ ಚೂರು ಬಾಗಿಲಿನ ಹಲಗೆಯಲ್ಲಿ ನಾಟಿಕೊಂಡಿತ್ತು. ಅಲ್ಲಿ ಯಾರಾದರೂ ನಿಂತಿದ್ದರೆ ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಇವತ್ತೇ ಒಂದು ಬಾಟಲಿಯನ್ನು ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗೆ ಮಾಡಿ ತೆರೆಯಿರಿ. ಎರಡು ಲೋಟಗಳ ನಡುವೆ ಹತ್ತಿಪ್ಪತ್ತು ಸಲ ಸುರಿದಾಡಿಸಿ ಗ್ಯಾಸ್ ಪೂರ್ತಿ ಬಿಡಿಸಿ, ಬಿಯರ್ 20 ಡಿಗ್ರಿಗೆ ಬಂದ ಮೇಲೆ ಹೈಡ್ರೋಮೀಟರ್ ಇಳಿಸಿ. ಗ್ಯಾಸ್ ಉಳಿದಿದ್ದರೆ ಗುಳ್ಳೆಗಳು ಹೈಡ್ರೋಮೀಟರನ್ನು ಎತ್ತಿಹಿಡಿದು ಸುಳ್ಳು ಅಂಕ ತೋರಿಸುತ್ತವೆ. ಅಂಕ 1.013ಕ್ಕಿಂತ ಮೇಲಿದ್ದರೆ ಉಳಿದ ಬಾಟಲಿಗಳನ್ನೂ ತಣ್ಣಗೆ ಮಾಡಿ, ಕೈಗವಸು ಮತ್ತು ಕಣ್ಣಿಗೆ ರಕ್ಷಣೆ ಹಾಕಿಕೊಂಡು, ಒಂದೊಂದೇ ಮುಚ್ಚಳ ಎತ್ತಿ ಗ್ಯಾಸ್ ಬಿಟ್ಟು ಹೊಸ ಮುಚ್ಚಳ ಒತ್ತಿ. ಎಲ್ಲವನ್ನೂ ಮುಚ್ಚಳವಿರುವ ಗಟ್ಟಿ ಪೆಟ್ಟಿಗೆಯಲ್ಲಿಡಿ. ಒಂದು ವಾರದ ನಂತರ ಮತ್ತೆ ಅಳೆದು, ಬೇಕಾದರೆ ಮತ್ತೊಮ್ಮೆ ಗ್ಯಾಸ್ ಬಿಡಿ.

ಈಗ ಬೆಣ್ಣೆಯ ವಾಸನೆಗೆ ಬರೋಣ. ಯೀಸ್ಟ್ ಬೆಳೆಯುವ ಭರದಲ್ಲಿ ಆಲ್ಫಾ ಅಸಿಟೋಲ್ಯಾಕ್ಟೇಟ್ ಎಂಬ ವಸ್ತುವನ್ನು ಹೊರಗೆ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ. ಬಿಯರಿನೊಳಗೆ ಅದು ತಾನಾಗಿ, ನಿಧಾನವಾಗಿ ಡಯಾಸಿಟೈಲ್ ಆಗುತ್ತದೆ. ಬೆಣ್ಣೆಯ ವಾಸನೆ ಇದರದು. ಯೀಸ್ಟ್ ಇನ್ನೂ ಎಚ್ಚರವಾಗಿದ್ದರೆ ಆ ಡಯಾಸಿಟೈಲನ್ನು ಮತ್ತೆ ಒಳಗೆಳೆದುಕೊಂಡು, ನಮ್ಮ ಮೂಗಿಗೆ ತಾಗದ ವಸ್ತುವಾಗಿ ಬದಲಿಸುತ್ತದೆ. ಹಸಿ ಸೇಬಿನ ವಾಸನೆ ಅಸಿಟಾಲ್ಡಿಹೈಡ್‌ನದು. ಸಕ್ಕರೆ ಮದ್ಯವಾಗುವ ದಾರಿಯಲ್ಲಿ ಕೊನೆಯ ಮೆಟ್ಟಿಲಿಗೆ ಮೊದಲಿನದು ಅದು. ಯೀಸ್ಟ್ ಅದನ್ನೂ ಮುಗಿಸಿಕೊಡುತ್ತದೆ. ಉಂಡ ಜಾಗವನ್ನು ತಾನೇ ಒರೆಸಿ ಏಳುವ ಗುಣ ಯೀಸ್ಟಿಗಿದೆ. ನೀವು ಅದು ಒರೆಸುವ ಮುನ್ನವೇ ಎಬ್ಬಿಸಿಬಿಟ್ಟಿರಿ, ಅಷ್ಟೇ. ಐರಿಷ್ ಏಲ್ ಯೀಸ್ಟ್‌ಗಳಂತೂ ಡಯಾಸಿಟೈಲ್ ಬಿಡುವುದರಲ್ಲಿ ಕೈ ಸ್ವಲ್ಪ ಧಾರಾಳ.

ಬಾಟಲಿಯಲ್ಲೂ ಯೀಸ್ಟ್ ಇದೆ, ಕಡಿಮೆ ಇದೆ. ಹಾಗಾಗಿ ಅಲ್ಲಿ ಈ ಕೆಲಸ ನಿಧಾನ. ಗ್ರಾವಿಟಿ ಸರಿಯಿದ್ದರೆ ಬಾಟಲಿಗಳನ್ನು ಇನ್ನೂ ಎರಡು ಮೂರು ವಾರ 20ರಿಂದ 22 ಡಿಗ್ರಿಯಲ್ಲೇ ಬಿಡಿ. ಈಗಲೇ ಎಲ್ಲವನ್ನೂ ಫ್ರಿಜ್‌ಗೆ ಹಾಕಿದರೆ ಯೀಸ್ಟ್ ಮಲಗಿ, ಬೆಣ್ಣೆ ಅಲ್ಲೇ ಉಳಿಯುತ್ತದೆ. ದಿನ ಕಳೆದಂತೆ ಬೆಣ್ಣೆಯ ಜೊತೆಗೆ ಹುಳಿಯೂ ಏರುತ್ತಾ ಬಂದರೆ, ಬಾಟಲಿಯ ಕತ್ತಿನೊಳಗೆ ಬಿಳಿ ಉಂಗುರ ಕಂಡರೆ, ಅದು ಬ್ಯಾಕ್ಟೀರಿಯಾದ ಕೆಲಸ. ಆಗ ಮಾತ್ರ ಚೆಲ್ಲಿ.

ಮುಂದಿನ ಸಲ ಹೀಗೆ ಮಾಡಿ. 18 ಡಿಗ್ರಿಯಲ್ಲಿ ಯೀಸ್ಟ್ ಹಾಕಿ, ಮೊದಲ ಮೂರು ನಾಲ್ಕು ದಿನ 18–19ರಲ್ಲಿ ಹಿಡಿದಿಡಿ. ಗ್ರಾವಿಟಿ 1.017ರ ಹತ್ತಿರ ಬಂದಾಗ 21ಕ್ಕೆ ಏರಲು ಬಿಡಿ. ಅಂಕ ನಿಂತಿತು ಅನ್ನಿಸಿದ ಮೇಲೆ ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು ಒಂದೇ ಅಂಕ ಬರಬೇಕು. ಆಮೇಲೆ ಒಂದು ಪರೀಕ್ಷೆ: ಎರಡು ಸಣ್ಣ ಗಾಜಿನ ಶೀಶೆಗಳಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು ಬಾಯಿ ಮುಚ್ಚಿ. ಒಂದನ್ನು 65 ಡಿಗ್ರಿಯ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಇನ್ನೊಂದರಷ್ಟೇ ತಣ್ಣಗಾಗಲು ಬಿಟ್ಟು, ಎರಡನ್ನೂ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಎದ್ದರೆ ವಾಸನೆಯಿಲ್ಲದ ಆ ಮೊದಲ ವಸ್ತು ಇನ್ನೂ ಉಳಿದಿದೆ ಎಂದರ್ಥ. ಬಿಯರ್ ಯೀಸ್ಟಿನ ಮೇಲೆಯೇ ಇರಲಿ. ಎರಡರಲ್ಲೂ ಇಲ್ಲದಿದ್ದರೆ ಬಾಟಲಿಗೆ ಸಿದ್ಧ. ಈ ಪರೀಕ್ಷೆಗೆ ಇನ್ನೊಬ್ಬರ ಮೂಗನ್ನೂ ಕರೆದುಕೊಳ್ಳಿ. ಡಯಾಸಿಟೈಲ್ ಕೆಲವರಿಗೆ ಗೊತ್ತೇ ಆಗುವುದಿಲ್ಲ. ನನಗೆ ಗಾಢವಾಗಿದ್ದರೆ ಮಾತ್ರ ತಿಳಿಯುತ್ತದೆ, ನನ್ನ ತಮ್ಮ ಬಾಗಿಲಲ್ಲಿ ನಿಂತೇ ಹೇಳುತ್ತಾನೆ. ಎಂಟನೇ ಬ್ಯಾಚಿನಿಂದ ಈಚೆಗೆ ಅವನು ಮೂಸದೆ ನಾನು ಒಂದು ಬಾಟಲಿಯನ್ನೂ ತುಂಬಿಲ್ಲ.

ಪ್ರಶ್ನೆ: ಕೆಂಪಾಗಲೆಂದು 300 ಗ್ರಾಂ ಹುರಿದ ಬಾರ್ಲಿ ಹಾಕಿದೆ. ಬಂದದ್ದು ಕಪ್ಪು. ಎರಡು ತಿಂಗಳು ಮಾಗಿದರೆ ಕೆಂಪಾದೀತೇ? ನಿಮ್ಮ ಅಳತೆ ಏನು?

ಉತ್ತರ: ಆಗುವುದಿಲ್ಲ. ನೀವು ಮಾಡಿದ್ದು ಹೆಚ್ಚುಕಡಿಮೆ ಸ್ಟೌಟ್ ಎಂಬ ಕಪ್ಪು ಬಿಯರಿನ ದಾರಿಯದು. ಅದನ್ನು ಹಾಗೆಯೇ ಒಪ್ಪಿಕೊಂಡು ಕುಡಿಯಿರಿ, ಚೆನ್ನಾಗಿಯೇ ಇರುತ್ತದೆ.

ಈ ಏಲ್‌ನ ಕೆಂಪು ಬಹಳ ಸಣ್ಣ ಪ್ರಮಾಣದ ಆಟ. 20 ಲೀಟರಿಗೆ ನಾನು ಹಾಕುವುದು 60 ಗ್ರಾಂ ಹುರಿದ ಬಾರ್ಲಿ. ಒಟ್ಟು ಧಾನ್ಯದಲ್ಲಿ ಅದು ನೂರಕ್ಕೆ ಒಂದೂವರೆ ಭಾಗ. ಅದರ ಜೊತೆಗೆ 3.7 ಕಿಲೋ ಪೇಲ್ ಏಲ್ ಮಾಲ್ಟ್, 250 ಗ್ರಾಂ ಮಧ್ಯಮ ಬಣ್ಣದ ಕ್ರಿಸ್ಟಲ್ ಮಾಲ್ಟ್. ಕ್ರಿಸ್ಟಲ್ ಮಾಲ್ಟನ್ನು ಒಣಗಿಸುವ ಮೊದಲು ಹಸಿಯಾಗಿರುವಾಗಲೇ ಬಿಸಿಯಲ್ಲಿ ಬೇಯಿಸುತ್ತಾರೆ. ಸಿಪ್ಪೆಯೊಳಗೇ ಪಿಷ್ಟ ಸಕ್ಕರೆಯಾಗಿ, ಆಮೇಲೆ ಹುರಿದಾಗ ಕ್ಯಾರಮೆಲ್ ಆಗುತ್ತದೆ. ಏಲ್‌ನ ಟಾಫಿಯಂಥ ಸವಿ ಅಲ್ಲಿಂದ ಬರುತ್ತದೆ. ಹುರಿದ ಬಾರ್ಲಿ ಮೊಳಕೆ ಬರಿಸದ ಧಾನ್ಯ. ಅದರಿಂದ ಬಣ್ಣ, ಮತ್ತು ಕೊನೆಗೆ ಬಾಯಿ ಒಣಗಿಸಿ ಮುಂದಿನ ಗುಟುಕಿಗೆ ಕರೆಯುವ ಆ ಎಳೆ. ಈ ಎರಡರ ಜಗ್ಗಾಟವೇ ನನ್ನ ಮಟ್ಟಿಗೆ ರೆಡ್ ಏಲ್. ಬಣ್ಣಕ್ಕೆಂದು ಕ್ರಿಸ್ಟಲ್ ಮಾಲ್ಟನ್ನೇ ಅರ್ಧ ಕಿಲೋ ದಾಟಿಸುವವರಿದ್ದಾರೆ. ಬಣ್ಣ ಬರುತ್ತದೆ, ಆದರೆ ಎರಡನೇ ಲೋಟಕ್ಕೆ ನಾಲಗೆ ಅಂಟಾಗುತ್ತದೆ.

ಒಡೆದ ಧಾನ್ಯವನ್ನು 11 ಲೀಟರ್ ನೀರಿಗೆ ಹಾಕಿ. ನೀರು 73 ಡಿಗ್ರಿಯಿದ್ದರೆ ಕಲಸಿದ ಮೇಲೆ 67ರ ಆಸುಪಾಸಿಗೆ ಬರುತ್ತದೆ. ಮುಚ್ಚಿ ಒಂದು ಗಂಟೆ ಬಿಡಿ. ಹುರಿದ ಬಾರ್ಲಿಯನ್ನು ಮಾತ್ರ ನಾನು ಕೊನೆಯ ಹದಿನೈದು ನಿಮಿಷಕ್ಕೆ ಸೇರಿಸುತ್ತೇನೆ. ಬಣ್ಣ ಬಿಡಲು ಅಷ್ಟು ಹೊತ್ತು ಸಾಕು, ಸುಟ್ಟ ಒಗರು ಅಷ್ಟಾಗಿ ಇಳಿಯುವುದಿಲ್ಲ. ಆಮೇಲೆ ಬಿಸಿನೀರಿನಲ್ಲಿ ಧಾನ್ಯ ತೊಳೆದು ಸಿಹಿ ರಸವನ್ನೆಲ್ಲ ತೆಗೆದುಕೊಂಡು ಒಂದು ಗಂಟೆ ಕುದಿಸಿ. ಕುದಿ ಬಂದ ಕೂಡಲೇ 40 ಗ್ರಾಂ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸ್, ಕಹಿ ಕೊಡುವ ಆಲ್ಫಾ ಆಮ್ಲ ನೂರಕ್ಕೆ 5ರಷ್ಟಿರುವುದು. ಕಹಿ 24 ಐಬಿಯು (ಬಿಯರಿನ ಕಹಿಯ ಅಳತೆ) ಆಸುಪಾಸು ಬರುತ್ತದೆ. ಕೊನೆಯಲ್ಲಿ ಪರಿಮಳಕ್ಕೆಂದು ಹಾಪ್ಸ್ ಸುರಿಯುವ ಆಸೆ ಬಂದರೆ ತಡೆದುಕೊಳ್ಳಿ, ಅದು ಬೇರೆ ಬಿಯರ್‌ಗಳ ಸೊಗಸು. ತಣಿಸಿದ ಮೇಲೆ 1.044ರ ಹತ್ತಿರ ಇರಬೇಕು. 11 ಗ್ರಾಂನ ಒಂದು ಪೊಟ್ಟಣ ಒಣ ಏಲ್ ಯೀಸ್ಟ್ ಸಾಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಹಿಂದಿನ ರಾತ್ರಿಯೇ ಒಂದು ಚಿಟಿಕೆ ಪೊಟ್ಯಾಷಿಯಂ ಮೆಟಾಬೈಸಲ್ಫೈಟ್ ಹಾಕಿ. ಇಲ್ಲದಿದ್ದರೆ ಔಷಧಿಪಟ್ಟಿಯಂಥ ವಾಸನೆ ಬಂದು ಸೇರುತ್ತದೆ, ಅದು ಎಷ್ಟು ಮಾಗಿಸಿದರೂ ಹೋಗದು.

ಇನ್ನೊಂದು ಮಾತು. ಅಳತೆ ಸರಿಯಿದ್ದರೂ ಎರಡನೇ ವಾರ ಬಿಯರ್ ಕೆಂಪಾಗಿ ಕಾಣುವುದಿಲ್ಲ, ಕೆಸರಿನ ಕಂದು ಕಾಣುತ್ತದೆ. ತೇಲುವ ಯೀಸ್ಟ್ ಮತ್ತು ಪ್ರೋಟೀನ್ ಬೆಳಕನ್ನು ಚದುರಿಸುತ್ತವೆ. ಅವು ತಳ ಸೇರಿ ಬಿಯರ್ ತಿಳಿಯಾದಾಗ ಬೆಳಕು ನೇರ ಹಾದುಬಂದು ಕೆಂಪು ಹೊರಡುತ್ತದೆ. ಮಾಗುವುದು ಬಣ್ಣವನ್ನು ಕೊಡುವುದಿಲ್ಲ, ಇದ್ದ ಬಣ್ಣವನ್ನು ಕಾಣಿಸುತ್ತದೆ.

ಪ್ರಶ್ನೆ: ಮನೆಯಲ್ಲಿ ಬಿಯರ್ ಮಾಡುವುದು ಕಾನೂನಿಗೆ ಒಪ್ಪಿಗೆಯೇ?

ಉತ್ತರ: ನೀವಿರುವ ಜಾಗದ ಕಾನೂನನ್ನು ಮಾಲ್ಟ್ ಕೊಳ್ಳುವ ಮೊದಲು ತಿಳಿದುಕೊಳ್ಳಿ. ಬ್ರಿಟನ್ ಮನೆ ಬಳಕೆಯ ಬಿಯರಿಗೆ ಪರವಾನಗಿ ಬೇಕೆಂಬ ನಿಯಮವನ್ನು 1963ರಲ್ಲಿ ತೆಗೆಯಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆ ಕೇಂದ್ರದ ಅಡ್ಡಿ ತೆಗೆಯಿತು, ಆಮೇಲೂ ಅಲ್ಲಿನ ಕೆಲವು ರಾಜ್ಯಗಳು ಒಪ್ಪಲು ದಶಕಗಳೇ ಹಿಡಿದವು. ಒಪ್ಪಿಗೆ ಇಲ್ಲದ ಕಡೆ ಮಾಡಬೇಡಿ. ಒಪ್ಪಿಗೆ ಇರುವ ಕಡೆಯೂ ಮಾರಬೇಡಿ.

ಪ್ರಶ್ನೆ: ಒಬ್ಬರು ಮೂರು ವಾರ ಅನ್ನುತ್ತಾರೆ, ಇನ್ನೊಬ್ಬರು ಆರು ತಿಂಗಳು ಇಟ್ಟಷ್ಟೂ ರುಚಿ ಅನ್ನುತ್ತಾರೆ. ವೈನ್ ಹಾಗೆ ಏಲ್ ಕೂಡ ಹಳೆಯದಾದಷ್ಟೂ ಒಳ್ಳೆಯದಲ್ಲವೇ? ನಿಜವಾಗಿ ಎಷ್ಟು ದಿನ?

ಉತ್ತರ: ಈ ಪ್ರಶ್ನೆಗಾಗಿ ನಾನು ಒಂದು ಇಡೀ ಬ್ಯಾಚನ್ನು ಮೀಸಲಿಟ್ಟಿದ್ದೆ, ನೋಟ್‌ಬುಕ್‌ನಲ್ಲಿ ಹದಿನೇಳನೆಯದು. ಶುರುವಿನ ಗ್ರಾವಿಟಿ 1.045, ಕೊನೆಯದು 1.012. ಎರಡರ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಮದ್ಯದ ಪ್ರಮಾಣ ನೂರಕ್ಕೆ 4.3. ಹನ್ನೆರಡನೇ ದಿನ, ತಮ್ಮ ಮೂಸಿ ಒಪ್ಪಿದ ಮೇಲೆ, 95 ಗ್ರಾಂ ಸಕ್ಕರೆಯನ್ನು ಕುದಿಸಿ ಆರಿಸಿ ಬೆರೆಸಿ ಅರ್ಧ ಲೀಟರಿನ ಮೂವತ್ತೆಂಟು ಕಂದು ಬಾಟಲಿಗಳಿಗೆ ತುಂಬಿದೆ. ಮೊದಲ ಹದಿನೆಂಟು ದಿನ ಎಲ್ಲವೂ 21 ಡಿಗ್ರಿಯಲ್ಲಿ. ಗ್ಯಾಸ್ ಕಟ್ಟಲು ಆ ಬೆಚ್ಚಗು ಬೇಕು. ಆಮೇಲೆ ಹತ್ತೊಂಬತ್ತನ್ನು 11 ಡಿಗ್ರಿಗೆ ಇಳಿಸಿದೆ, ಹತ್ತೊಂಬತ್ತನ್ನು 25ರ ಕಪಾಟಿಗೆ ಸರಿಸಿದೆ. ಯಾವುದು ಯಾವುದೆಂದು ತಮ್ಮನಿಗೆ ಹೇಳದೆ ಸುರಿದುಕೊಡುತ್ತಿದ್ದೆ.

ಬಾಟಲಿಯ ಮೊದಲ ವಾರದ ಪುಟದಲ್ಲಿ ಹೀಗಿದೆ: ಸಪ್ಪೆ ಗ್ಯಾಸ್, ಸಕ್ಕರೆಯ ಸಿಹಿ ಇನ್ನೂ ಇದೆ, ಕ್ಯಾರಮೆಲ್ ಒಂದು ಕಡೆ, ಸುಟ್ಟದ್ದು ಒಂದು ಕಡೆ, ಪರಿಚಯವಿಲ್ಲದವರು ಒಂದೇ ಬೆಂಚಿನಲ್ಲಿ ಕುಳಿತ ಹಾಗೆ. ಮೂರನೇ ವಾರ ಗ್ಯಾಸ್ ಸರಿಯಾಯಿತು, ಆದರೆ ಹುರಿದ ಬಾರ್ಲಿಯ ಅಂಚು ಚೂಪಾಗಿ ನಿಂತಿತ್ತು, ಕಹಿ ನಾಲಗೆಯ ಬುಡಕ್ಕೆ ತಾಗುತ್ತಿತ್ತು. ಬಹಳ ಜನ ಇಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಐದನೇ ವಾರ, ತಣ್ಣಗಿಟ್ಟದ್ದರಲ್ಲಿ ಅಂಚುಗಳು ಕರಗಿದ್ದವು. ಸುಟ್ಟದ್ದು ಸುಟ್ಟದ್ದಾಗಿ ಉಳಿಯದೆ, ಕಡು ಹುರಿದ ಬ್ರೆಡ್ಡಿನ ಹೊರಪದರದ ಪರಿಮಳವಾಗಿತ್ತು. ಏಳನೇ ವಾರದ ಪುಟದಲ್ಲಿ ತಮ್ಮ ತನ್ನ ಕೈಯಾರೆ ಬರೆದ ಒಂದೇ ಪದವಿದೆ: "ಸೇರಿತು." ಅದಕ್ಕಿಂತ ಸರಿಯಾದ ಪದ ನನಗೆ ಇಲ್ಲಿಯವರೆಗೆ ಸಿಕ್ಕಿಲ್ಲ. ಹತ್ತನೇ ವಾರವೂ ಹಾಗೆಯೇ ಇತ್ತು.

ಬೆಚ್ಚಗಿಟ್ಟ ಬಾಟಲಿಗಳ ಕಥೆ ಬೇರೆ. ಅವು ಐದನೇ ವಾರ ತಣ್ಣಗಿನವುಗಳಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದವು, ನಿಜ ಹೇಳಬೇಕು. ಏಳರಲ್ಲಿ ಹಾಪ್ಸ್‌ನ ಮಣ್ಣಿನಂಥ ಮೆಲ್ಲಗಿನ ಪರಿಮಳ ಕಳೆದುಹೋಗಿತ್ತು. ಹತ್ತರಲ್ಲಿ ಜೇನಿನ ವಾಸನೆ, ಅದರ ಬೆನ್ನಿಗೆ ನೆಂದ ರಟ್ಟಿನ ವಾಸನೆ. ಹದಿನಾರನೇ ವಾರ ರಟ್ಟೇ ರಟ್ಟು. ತಣ್ಣಗಿನವು ಹದಿನಾರರಲ್ಲೂ ಚೆನ್ನಾಗಿದ್ದವು, ಇಪ್ಪತ್ತಾರನೇ ವಾರಕ್ಕೆ ಅವುಗಳ ಮುಖವೂ ಬಾಡಿತ್ತು.

ಕಾರಣ ಹೇಳುತ್ತೇನೆ. ಬಾಟಲಿಯಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಯೀಸ್ಟ್ ತನ್ನ ಉಳಿಕೆಗಳನ್ನು ಒರೆಸುತ್ತದೆ. ಯೀಸ್ಟ್, ಪ್ರೋಟೀನ್, ಒಗರಿನ ಅಂಶಗಳು ಒಂದಕ್ಕೊಂದು ಅಂಟಿ ತಳ ಸೇರುತ್ತವೆ. ಒರಟುತನ ಬಹುಪಾಲು ಅವುಗಳ ಜೊತೆ ಇಳಿಯುತ್ತದೆ. ಮೂರನೆಯದು ಆಮ್ಲಜನಕದ ಕೆಲಸ. ಮೊದಲೆರಡು ನಾಲ್ಕರಿಂದ ಆರು ವಾರದಲ್ಲಿ ಮುಗಿದುಹೋಗುತ್ತವೆ. ಮೂರನೆಯದು ಮುಚ್ಚಳ ಒತ್ತಿದ ಗಳಿಗೆಯಿಂದ ನಡೆಯುತ್ತಲೇ ಇರುತ್ತದೆ, ನಿಲ್ಲುವುದೇ ಇಲ್ಲ. ಮೊದಲೆರಡರ ಫಲವನ್ನು ನಾವು ಮಾಗುವುದು ಅನ್ನುತ್ತೇವೆ, ಮೂರನೆಯದರ ಫಲವನ್ನು ಹಳಸುವುದು ಅನ್ನುತ್ತೇವೆ. ರಟ್ಟಿನ ವಾಸನೆ ಕೊಡುವುದು ಟ್ರಾನ್ಸ್-2-ನಾನೆನಾಲ್ ಎಂಬ ವಸ್ತು. ಬಹಳ ಅಲ್ಪ ಪ್ರಮಾಣ ಸಾಕು ಮೂಗಿಗೆ. ಶಾಖ ಹತ್ತು ಡಿಗ್ರಿ ಏರಿದರೆ ಈ ಹಳಸುವ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ ಎನ್ನುವುದು ಬಿಯರ್ ಮಾಡುವವರ ರೂಢಿಯ ಲೆಕ್ಕ. ನನ್ನ ಎರಡು ಗುಂಪುಗಳ ನಡುವೆ 14 ಡಿಗ್ರಿ ಅಂತರವಿತ್ತು.

ವೈನ್ ಹೋಲಿಕೆ ಇಲ್ಲಿ ಹೊಂದುವುದಿಲ್ಲ. ನೂರಕ್ಕೆ ಒಂಬತ್ತು ಹತ್ತು ಮದ್ಯವಿರುವ ಬಾರ್ಲಿ ವೈನ್‌ನಂಥ ಬಿಯರಿಗೆ ವರ್ಷಗಟ್ಟಲೆ ಹಳೆಯದಾಗುವ ಮೈಕಟ್ಟಿದೆ. ಆಮ್ಲಜನಕ ಅದರಲ್ಲಿ ಒಣದ್ರಾಕ್ಷಿ, ಶೆರಿಯಂಥ ರುಚಿ ಎಬ್ಬಿಸಿದರೆ ಅದನ್ನು ಹೊರುವಷ್ಟು ಸಿಹಿ ಅಲ್ಲಿದೆ. ನಮ್ಮ ಕೆಂಪು ಏಲ್ 4.3ರ ಹಗುರ ಜೀವಿ. ಅದಕ್ಕೆ ಆರು ತಿಂಗಳ ತಪಸ್ಸು ಹೇರುವುದು ನ್ಯಾಯವಲ್ಲ.

ಹಾಗಾಗಿ ನನ್ನ ಲೆಕ್ಕ: ಪಾತ್ರೆಯಲ್ಲಿ ಹತ್ತರಿಂದ ಹದಿನಾಲ್ಕು ದಿನ, ಬಾಟಲಿಯಲ್ಲಿ ಬೆಚ್ಚಗೆ ಎರಡೂವರೆ ವಾರ, ಆಮೇಲೆ 10–12 ಡಿಗ್ರಿಯಲ್ಲಿ ಮೂರು ನಾಲ್ಕು ವಾರ. ಅಲ್ಲಿಂದ ಮುಂದೆ ಎರಡು ತಿಂಗಳು ಅದರ ಒಳ್ಳೆಯ ಕಾಲ. ತಣ್ಣನೆಯ ಜಾಗ ಇಲ್ಲದವರು ಐದನೇ ವಾರದಿಂದಲೇ ಕುಡಿಯಲು ಶುರುಮಾಡಿ, ಎಂಟರೊಳಗೆ ಮುಗಿಸಿ. ನಿಮ್ಮ ಯೀಸ್ಟ್, ನಿಮ್ಮ ಕೋಣೆ ಬೇರೆಯಾದರೆ ಈ ಅಂಕಿಗಳು ಒಂದಿಷ್ಟು ಆಚೀಚೆ ಆಗುತ್ತವೆ. ಅದಕ್ಕೇ ವಾರಕ್ಕೊಂದು ಬಾಟಲಿ ತೆರೆದು ಒಂದು ಸಾಲು ಬರೆಯಿರಿ ಎನ್ನುವುದು.

ಬಾಟಲಿ ತುಂಬುವಾಗ ನಳಿಕೆ ಬಾಟಲಿಯ ತಳ ಮುಟ್ಟಿರಲಿ, ಮೇಲಿಂದ ಸುರಿಯಬೇಡಿ. ಕತ್ತಿನಲ್ಲಿ ಎರಡು ಮೂರು ಸೆಂಟಿಮೀಟರ್ ಮಾತ್ರ ಖಾಲಿ ಬಿಡಿ, ಬಾಟಲಿ ತುಂಬಿದ ಕೂಡಲೇ ಮುಚ್ಚಿ. ಆ ದಿನ ಒಳಗೆ ಹೋದ ಗಾಳಿ ಎಷ್ಟೋ, ಬಿಯರಿನ ಆಯುಸ್ಸು ಅಷ್ಟು ಕಡಿಮೆ.

ಪ್ರಶ್ನೆ: ಮಾಗಿಸಲು ಬಿಯರನ್ನು ಎರಡನೇ ಪಾತ್ರೆಗೆ ಬಗ್ಗಿಸಬೇಕೆಂದು ಓದಿದ್ದೇನೆ. ಯೀಸ್ಟಿನ ಮೇಲೆ ಬಿಟ್ಟರೆ ಕೊಳೆತ ರುಚಿ ಬರುವುದಿಲ್ಲವೇ?

ಉತ್ತರ: ಬಗ್ಗಿಸಬೇಡಿ. ಸತ್ತ ಯೀಸ್ಟ್ ಒಡೆದು ಮಾಂಸದ ಸಾರಿನಂಥ ರುಚಿ ಬಿಡುವುದು ಸಾವಿರಾರು ಲೀಟರಿನ ಎತ್ತರದ ತೊಟ್ಟಿಗಳಲ್ಲಿ ದೊಡ್ಡ ಚಿಂತೆ. ಅಲ್ಲಿ ತಳದ ಯೀಸ್ಟಿನ ಮೇಲೆ ಬೀಳುವ ಒತ್ತಡ ಮತ್ತು ಶಾಖ ಬೇರೆ. 20 ಲೀಟರಿನ ಪಾತ್ರೆಯಲ್ಲಿ ಮೂರು ನಾಲ್ಕು ವಾರಕ್ಕೆ ಏನೂ ಆಗುವುದಿಲ್ಲ. ಬಗ್ಗಿಸಿದರೆ ಒರೆಸುವ ಕೆಲಸದವನನ್ನು ಹೊರಗೆ ಹಾಕಿ, ಹಳಸುವ ಗಾಳಿಯನ್ನು ಒಳಗೆ ಕರೆದಂತೆ.

ಪ್ರಶ್ನೆ: ಚಂದ ಕಾಣಲೆಂದು ಹಸಿರು ಬಾಟಲಿಗಳಲ್ಲಿ ತುಂಬಿ ಕಿಟಕಿಯ ಬಳಿ ಸಾಲಾಗಿ ಇಟ್ಟಿದ್ದೆ. ಈಗ ಕೆಟ್ಟ ಗಂಧಕದ ನಾತ. ಸರಿಹೋಗುತ್ತದೆಯೇ?

ಉತ್ತರ: ಇಲ್ಲ, ದುಃಖದಿಂದಲೇ ಹೇಳುತ್ತಿದ್ದೇನೆ. ಬೆಳಕು ಬಿದ್ದಾಗ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕವಿರುವ ಒಂದು ನಾತದ ವಸ್ತುವಾಗುತ್ತದೆ. ನೇರ ಬಿಸಿಲಾದರೆ ನಿಮಿಷಗಳೇ ಸಾಕು. ಅದು ಮಾಗಿ ಹೋಗುವಂಥದ್ದಲ್ಲ. ಕಂದು ಗಾಜು ಆ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ತಡೆಯುವುದು ಕಡಿಮೆ. ಕಂದು ಬಾಟಲಿ, ಕತ್ತಲೆ ಜಾಗ.

ಪ್ರಶ್ನೆ: ಈ ಕೆಂಪು ಏಲ್ ನಿಜಕ್ಕೂ ಐರ್ಲೆಂಡಿನದೇ, ಇಲ್ಲಾ ಮಾರಾಟಕ್ಕೆ ಇಟ್ಟ ಹೆಸರೇ?

ಉತ್ತರ: ಎರಡೂ ಹೌದು, ಮತ್ತು ನನಗೆ ಅದರಲ್ಲಿ ಬೇಸರವಿಲ್ಲ. ಕಿಲ್ಕೆನ್ನಿ ಊರಿನಲ್ಲಿ ಜಾನ್ ಸ್ಮಿಡಿಕ್ ಹೆಸರಿನ ಬ್ರೂವರಿ ತನ್ನ ಹುಟ್ಟನ್ನು 1710ಕ್ಕೆ ಇಡುತ್ತದೆ. 13ನೇ ಶತಮಾನದ ಸಂತ ಫ್ರಾನ್ಸಿಸ್ ಮಠದ ಅವಶೇಷ ಅದರ ಆವರಣದೊಳಗೇ ಇತ್ತು. 1965ರಲ್ಲಿ ಅದು ಗಿನ್ನಿಸ್ ಬಿಯರ್ ಕಂಪನಿಯ ಕೈಸೇರಿತು, 2013ರಲ್ಲಿ ಕಿಲ್ಕೆನ್ನಿಯ ಬ್ರೂವರಿ ಮುಚ್ಚಿ ತಯಾರಿಕೆ ಡಬ್ಲಿನ್‌ಗೆ ಹೋಯಿತು. ಸ್ಮಿಡಿಕ್ಸ್ ಏಲ್ ಈಗಲೂ ಈ ಬಗೆಯ ಮಾದರಿ ಬಿಯರ್. ವೆಕ್ಸ್‌ಫರ್ಡ್ ಕೌಂಟಿಯ ಎನಿಸ್ಕಾರ್ತಿಯಲ್ಲಿ ಲೆಟ್ ಮನೆತನದವರು ಮಾಣಿಕ್ಯದ ಬಣ್ಣದ ಏಲ್ ಮಾಡುತ್ತಿದ್ದರು. ಅವರ ಬ್ರೂವರಿ 1956ರಲ್ಲಿ ನಿಂತಿತು. ಆ ಮನೆತನದ ಜಾರ್ಜ್ ಕಿಲಿಯನ್ ಲೆಟ್ ಆಮೇಲೆ ಆ ಏಲ್‌ನ ಹಕ್ಕನ್ನು ಫ್ರಾನ್ಸಿನ ಪೆಲ್‌ಫೋರ್ತ್‌ಗೆ, ಮುಂದೆ ಅಮೆರಿಕದ ಕೂರ್ಸ್‌ಗೆ ಕೊಟ್ಟರು. 'ಐರಿಷ್ ರೆಡ್' ಎಂಬ ಹೆಸರು ಲೋಕದ ಬಾಯಲ್ಲಿ ಕೂತದ್ದರಲ್ಲಿ ಕೂರ್ಸ್‌ನ ಆ ಬಾಟಲಿಯ ಪಾಲು ದೊಡ್ಡದು. ಅದನ್ನು ಆಮೇಲೆ ಏಲ್ ಯೀಸ್ಟಿನಲ್ಲಲ್ಲ, ತಣ್ಣಗೆ ಹುದುಗುವ ಲಾಗರ್ ಯೀಸ್ಟ್‌ನಲ್ಲಿ ಮಾಡಿದರು ಎನ್ನುವುದು ಬೇರೆ ಮಾತು.

ನಾವು ಹಾಕುವ ಆ 60 ಗ್ರಾಂ ಹುರಿದ ಬಾರ್ಲಿಗೂ ಒಂದು ವರ್ಷದ ಗುರುತಿದೆ. ಮಾಲ್ಟ್ ಮೇಲೆ ತೆರಿಗೆ ಇದ್ದ ಕಾಲದಲ್ಲಿ ಮಾಲ್ಟ್ ಮಾಡದ ಧಾನ್ಯವನ್ನು ಬಿಯರಿಗೆ ಹಾಕಲು ಅಲ್ಲಿನ ಬ್ರೂವರ್‌ಗಳಿಗೆ ಅನುಮತಿ ಇರಲಿಲ್ಲ. 1880ರಲ್ಲಿ, ಆಗ ಐರ್ಲೆಂಡನ್ನೂ ಆಳುತ್ತಿದ್ದ ಬ್ರಿಟನ್ನಿನ ಗ್ಲ್ಯಾಡ್‌ಸ್ಟನ್ ಸರ್ಕಾರ ತೆರಿಗೆಯನ್ನು ಮಾಲ್ಟ್‌ನಿಂದ ತೆಗೆದು ಬಿಯರಿನ ಮೇಲೆ ಹಾಕಿತು, ದಾರಿ ತೆರೆಯಿತು. ಹಾಗಾಗಿ ಇಂದಿನ ಅಳತೆಯ ಕೆಂಪು ಏಲ್‌ಗೆ ಸಾವಿರ ವರ್ಷದ ಮಠದ ಕಥೆ ಕಟ್ಟಬೇಕಿಲ್ಲ.

ಪ್ರಶ್ನೆ: ಬಾಟಲಿಯ ತಳದ ಗಸಿಯನ್ನು ಕುಡಿಯಬಹುದೇ? ಹೇಗೆ ಬಡಿಸಬೇಕು?

ಉತ್ತರ: ಗಸಿ ಯೀಸ್ಟ್ ಅಷ್ಟೇ, ಹಾನಿಯಿಲ್ಲ. ಕೆಲವರ ಹೊಟ್ಟೆ ಸಡಿಲಾಗಬಹುದು. ಆದರೆ ಇಷ್ಟು ವಾರ ಕಾದು ಇಳಿಸಿದ್ದನ್ನು ಮತ್ತೆ ಕಲಕುವುದು ನನಗೆ ಇಷ್ಟವಿಲ್ಲ. ಕುಡಿಯುವ ಎರಡು ದಿನ ಮೊದಲು ಬಾಟಲಿಯನ್ನು ನಿಲ್ಲಿಸಿ ಫ್ರಿಜ್‌ನಲ್ಲಿಡಿ; ಗಸಿ ಗಟ್ಟಿಯಾಗಿ ಕೂರುತ್ತದೆ. ಹೊರತೆಗೆದು ಕಾಲು ಗಂಟೆ ಬಿಟ್ಟು, 10 ಡಿಗ್ರಿಯ ಹತ್ತಿರ ಬಂದಾಗ ತೆರೆಯಿರಿ. ಅದಕ್ಕಿಂತ ತಣ್ಣಗಿದ್ದರೆ ಮಾಲ್ಟ್ ಬಾಯಿ ಬಿಡುವುದಿಲ್ಲ. ಲೋಟ ಓರೆಯಾಗಿ ಹಿಡಿದು, ನಡುವೆ ನಿಲ್ಲಿಸದೆ ಒಂದೇ ಧಾರೆಯಲ್ಲಿ ಸುರಿಯಿರಿ, ಕೊನೆಯ ಒಂದು ಸೆಂಟಿಮೀಟರ್ ಬಾಟಲಿಯಲ್ಲೇ ಉಳಿಯಲಿ. ಲೋಟವನ್ನು ಬೆಳಕಿಗೆ ಎತ್ತಿ, ಕಂದು ಮೈಯ ಅಂಚಿನಲ್ಲಿ ಕೆಂಪು ಉರಿಯುತ್ತದೆಯೇ ನೋಡಿ.

ಬೆಣ್ಣೆಯ ವಾಸನೆಯ ಪತ್ರ ಬರೆದವರೇ, ಹೈಡ್ರೋಮೀಟರ್‌ನ ಅಂಕ ಸಿಕ್ಕ ಕೂಡಲೇ ನನಗೆ ಬರೆದು ತಿಳಿಸಿ. ಅಲ್ಲಿಯವರೆಗೆ ಆ ಪೆಟ್ಟಿಗೆಯ ಮುಚ್ಚಳ ತೆಗೆಯಬೇಡಿ.